ಕ್ಲೇಮು ಬಿಡದ ನಮ್ಮ ಭಾವ

ನಮ್ಮ ಭಾವನಿಗೆ ನಾಳೆ ಸ್ವರ್ಗವೇ ಸಿಕ್ಕಿತು ಎಂದಿಟ್ಟುಕೊಳ್ಳಿ. ಬಾಗಿಲಲ್ಲಿ ನಿಂತವನ ಹತ್ತಿರ ಅವರು ಮೊದಲು ಕೇಳುವುದು ಅಮೃತವನ್ನಲ್ಲ, ಅಪ್ಸರೆಯರನ್ನೂ ಅಲ್ಲ, ವಾರಂಟಿ ಕಾರ್ಡನ್ನು! "ಶಾಶ್ವತ ಸುಖ ಅಂತೀರಲ್ಲ, ಎಷ್ಟು ವರ್ಷಕ್ಕೆ? ಮಧ್ಯದಲ್ಲಿ ಕೆಟ್ಟೋದ್ರೆ ಯಾರನ್ನ ಕೇಳ್ಬೇಕು?" ಎಂದು ವಿಚಾರಿಸಿ, ಕಾರ್ಡಿಗೆ ಸೀಲು ಹಾಕಿಸಿಕೊಂಡು, ಆಮೇಲೆ ಒಳಗೆ ಕಾಲಿಡುತ್ತಾರೆ. ಇದು ಉತ್ಪ್ರೇಕ್ಷೆ ಎನ್ನುವವರು ಅವರ ಜೊತೆ ಒಂದೇ ಒಂದು ಸಲ ಛತ್ರಿ ಕೊಳ್ಳಲು ಹೋಗಿ ಬನ್ನಿ. ನಾನು ಹೋಗಿದ್ದೇನೆ. ಅಂಗಡಿಯವನು ಕೊನೆಗೆ ಕೈಮುಗಿದು, "ಯಜಮಾನ್ರೇ, ಮಳೆಗೆ ನಾನು ಜವಾಬ್ದಾರನಲ್ಲ" ಎಂದಿದ್ದ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಾಯಸಂದ್ರದ ಪಕ್ಕದ ಹಳ್ಳಿಯಲ್ಲಿ ತೆಂಗಿನ ತೋಟ ಇಟ್ಟುಕೊಂಡು, ಕಾಯಿಯನ್ನು ಅಟ್ಟದ ಮೇಲೆ ಒಣಗಿಸಿ ಕೊಬ್ಬರಿ ಮಾಡಿ ಮಾರುವ ಗೃಹಸ್ಥರು. ಆ ಅಟ್ಟವನ್ನು ನೀವು ನೋಡಬೇಕು. ಅರ್ಧ ಭಾಗ ತೆಂಗಿನಕಾಯಿ, ಇನ್ನರ್ಧ ಭಾಗ ಖಾಲಿ ಡಬ್ಬ. ಮಿಕ್ಸಿ ಡಬ್ಬ, ಫ್ಯಾನ್ ಡಬ್ಬ, ಟಾರ್ಚಿನ ಡಬ್ಬ, ಹೊಗೆಯುಗುಳಿ ಸತ್ತ ಯಾವುದೋ ಪಂಪ್‌ಸೆಟ್ಟಿನ ಡಬ್ಬ. ಡಬ್ಬ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಯಾರೋ ಎಂದೋ ಹೇಳಿದ್ದರಂತೆ. ಕಾಯಿ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಸಾಕು. ಆ ಡಬ್ಬಗಳು ಏನಾಗಲು ಕಾಯುತ್ತಿವೆಯೋ ಆ ದೇವರಿಗೇ ಗೊತ್ತು.

ನಾನು ತಿಪಟೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು. ಈ ಒಂದು ಅಪರಾಧಕ್ಕೆ ಅವರ ಸಕಲ ಕ್ಲೇಮುಗಳ ಪತ್ರವ್ಯವಹಾರ ನನ್ನ ಕುತ್ತಿಗೆಗೆ ಬಿದ್ದಿದೆ. ಫೋನು ಬಂದರೆ ಕ್ಷೇಮಸಮಾಚಾರವಿಲ್ಲ, ಏನಿಲ್ಲ. "ಟೀಚರಮ್ಮ, ಪೆನ್ನು ತಗೋ" ಎಂದೇ ಶುರು. ಬಿತ್ತನೆ ಬೀಜದ ಕಂಪನಿಗೆ, ಟಾರ್ಚಿನ ಕಂಪನಿಗೆ, ಸೊಳ್ಳೆಬತ್ತಿಯ ಕಂಪನಿಗೆ ನಾನು ಬರೆದಿರುವ ಇಂಗ್ಲಿಷ್ ಪತ್ರಗಳನ್ನು ಒಟ್ಟು ಹಾಕಿದರೆ ಒಂದು ಪಠ್ಯಪುಸ್ತಕವಾದೀತು. ಸೊಳ್ಳೆಬತ್ತಿಯ ಕಂಪನಿಯವರು ಉತ್ತರ ಬರೆದು ಎರಡು ಡಬ್ಬಿ ಕಳಿಸಿದರು ಕೂಡ. ಅಂದಿನಿಂದ ಈ ಮನುಷ್ಯನನ್ನು ಹಿಡಿಯುವವರೇ ಇಲ್ಲವಾಯಿತು.

ಈ ಕಾಯಿಲೆ ಮದುವೆಯಾದ ಹೊಸದರಲ್ಲೇ ಕಾಣಿಸಿಕೊಂಡಿತ್ತು. ನಮ್ಮಪ್ಪ ಧಾರೆಯ ಹೊತ್ತಿಗೆ ಅಳಿಯನ ಕೈಗೆ ಒಂದು ಗಡಿಯಾರ ಕಟ್ಟಿದ್ದರು. ಆಷಾಢಕ್ಕೂ ಮುಂಚೆ ಒಂದು ಬೆಳಿಗ್ಗೆ ಅಳಿಯಂದಿರು ಹೇಳದೆ ಕೇಳದೆ ನಮ್ಮ ಮನೆ ಮುಂದೆ ಪ್ರತ್ಯಕ್ಷ. ಒಂದು ಕೈಯಲ್ಲಿ ನಿಂತುಹೋದ ಗಡಿಯಾರ, ಪಕ್ಕದಲ್ಲಿ ತಲೆ ತಗ್ಗಿಸಿದ ನಮ್ಮಕ್ಕ. "ಮಾವ, ಇದು ಸರಿಯಾಗಿ ನಡೀತಾ ಇಲ್ಲ. ವಾಪಸ್ ಕೊಟ್ಟು ಹೋಗೋಣ ಅಂತ ಬಂದೆ" ಎಂದರು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಇಷ್ಟೇ ಕೇಳಿಸಿತು. ಯಾವುದನ್ನು ವಾಪಸ್ ಕೊಡಲು ಬಂದಿದ್ದಾನೆ ಎಂಬುದು ಸ್ಪಷ್ಟವಾಗುವವರೆಗೆ ಆಕೆ ಹೊರಗೆ ಬರಲಿಲ್ಲ.

ಇನ್ನೊಂದು ಸಲ ಅವರೂ ನಾನೂ ಒಟ್ಟಿಗೆ ತುಮಕೂರಿನಿಂದ ಬರುತ್ತಿದ್ದೆವು. ಅಮ್ಮಸಂದ್ರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಹಿಂದೆ ಬಂದ ಬಸ್ಸಿಗೆ ಎಲ್ಲರನ್ನೂ ತುಂಬಿದರು. ಸೀಟಿಲ್ಲ. ಜನ ಗೊಣಗಿಕೊಂಡು ಕಂಬಿ ಹಿಡಿದು ನಿಂತರು. ಹಾಗೆ ನಿಂತರೆ ಅವರು ನಮ್ಮ ಭಾವ ಹೇಗಾದಾರು?

"ಕಂಡಕ್ಟ್ರೇ, ನಾನು ದುಡ್ಡು ಕೊಟ್ಟಿದ್ದು ಕೂತ್ಕಂಡು ಹೋಗಕ್ಕೆ. ಅದೂ ಕಿಟಕಿ ಪಕ್ಕ. ಈಗ ನಿಂತ್ಕಂಡು ಹೋಗ್ತಾ ಇದೀನಿ. ಮಿಕ್ಕಿದ್ದು ವಾಪಸ್ ಕೊಡ್ರಿ."

"ಆ ಬಸ್ಸು ಬೇರೆ, ಈ ಬಸ್ಸು ಬೇರೆ ಯಜಮಾನ್ರೇ."

"ಕಾಲು ಒಂದೇ ಅಲ್ವಾ?"

ಮಾಯಸಂದ್ರ ಬರುವವರೆಗೆ ಇದನ್ನು ಕೇಳುವುದಕ್ಕಿಂತ ನಿಲ್ಲುವುದೇ ಲೇಸು ಎಂದುಕೊಂಡ ಕಂಡಕ್ಟರು ತನ್ನ ಸೀಟನ್ನೇ ಬಿಟ್ಟುಕೊಟ್ಟ. ಭಾವ ಅಲ್ಲಿ ವಿರಾಜಮಾನರಾಗಿ, ಹತ್ತಿದವರಿಗೆಲ್ಲ "ಚಿಲ್ಲರೆ ಇಟ್ಕೊಳಿ, ಚಿಲ್ಲರೆ" ಎಂದು ಹೇಳುತ್ತ ಬಂದರು. ನಾನು ಅವರ ಪರಿಚಯವೇ ಇಲ್ಲದವಳಂತೆ ಕೊನೆಯ ಬಾಗಿಲಲ್ಲಿ ನೇತಾಡುತ್ತಿದ್ದೆ. ಅಲ್ಲಿಗೂ ಕೇಳುವಂತೆ ಕೂಗಿದರು, "ಟೀಚರಮ್ಮ, ನಿಂದೂ ಕೇಳ್ಲಾ?"

ಮದುವೆಯ ಹೋಳಿಗೆಯ ಕಥೆ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ತುರುವೇಕೆರೆಯಲ್ಲಿ ನೆಂಟರ ಮದುವೆ. ಭಾವ ಮಾತಾಡುತ್ತ ಕೂತು ಕೊನೆಯ ಪಂಕ್ತಿಗೆ ಹೋದರು. ಎಲೆ ಮುಂದೆ ಕೂರುವ ಹೊತ್ತಿಗೆ ಹೋಳಿಗೆ ಮುಗಿದಿತ್ತು. ಬೇರೆಯವರಾದರೆ ಪಾಯಸ ಉಂಡು ಎದ್ದು ಬರುತ್ತಾರೆ. ಇವರು ಮಾರನೆಯ ದಿನ ಹೆಣ್ಣಿನ ಮನೆಗೆ ಹೋಗಿ ಜಗಲಿಯ ಮೇಲೆ ಕೂತರು. "ಮುಯ್ಯಿ ಓದಿಸಿದೀನಿ, ಊಟ ಪೂರ್ತಿ ಆಗಿಲ್ಲ" ಎಂದರು. ಮಗಳನ್ನು ಕಳಿಸಿ ಕಣ್ಣೊರೆಸಿಕೊಳ್ಳುತ್ತಿದ್ದ ಆ ತಾಯಿ ಎದ್ದು ಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆ ತಟ್ಟಬೇಕಾಯಿತು. ತಾವು ತಿಂದದ್ದಲ್ಲದೆ ಅಕ್ಕನ ಪಾಲನ್ನೂ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬಂದರು! ಅಕ್ಕ ಆ ಹೋಳಿಗೆಯನ್ನು ಮುಟ್ಟಲಿಲ್ಲ. ಇವರು ಅದನ್ನೂ ತಿಂದರು.

ಇಂಥವರು ವಿದೇಶ ಪ್ರವಾಸಕ್ಕೆ ಹೊರಟದ್ದು ನಮ್ಮ ಅಕ್ಕನ ಹಟದಿಂದ. ಮಗಳನ್ನು ಚಿಕ್ಕನಾಯಕನಹಳ್ಳಿಗೆ ಕೊಟ್ಟಾಗಿತ್ತು, ಮನೆಯ ಜವಾಬ್ದಾರಿಯೆಲ್ಲ ಒಂದು ದಡ ಮುಟ್ಟಿತ್ತು. ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಅವಳಿಗೆ ಸಮುದ್ರವೂ ಬೇಕಿರಲಿಲ್ಲ, ವಿಮಾನವೂ ಬೇಕಿರಲಿಲ್ಲ. "ಮದ್ವೆ ಆದಾಗಿಂದ ನಾನು ಮಾಡಿದ ಅಡ್ಗೇನೆ ನಾನು ತಿಂತಾ ಇದೀನಿ ಕಣೇ. ಒಂದು ವಾರ ಯಾರೋ ಮಾಡಿ ಬಡಿಸ್ಬೇಕು, ನಾನು ಕೂತ್ಕಂಡು ತಿನ್ಬೇಕು. ತಿಂದಮೇಲೆ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗ್ಬೇಕು" ಎಂದಿದ್ದಳು. ತುರುವೇಕೆರೆಯ ಟ್ರಾವೆಲ್ ಏಜೆಂಟು ಬಾಲಿ ದ್ವೀಪದ ಚಿತ್ರವನ್ನು ಮುಂದಿಟ್ಟ. ಅದರ ತುಂಬ ತೆಂಗಿನ ಮರ. ಭಾವ ಕನ್ನಡಕ ಮೇಲೆತ್ತಿ ನೋಡಿ, "ಇದನ್ನ ನೋಡಕ್ಕೆ ವಿಮಾನ ಯಾಕಪ್ಪ? ಹಿತ್ತಲ ಬಾಗಿಲು ತಗುದ್ರೆ ಸಾಕಲ್ಲ" ಎಂದರು.

ಆದರೂ ಒಪ್ಪಿದರು. ಅಕ್ಕನ ಮೇಲಿನ ಪ್ರೀತಿಗೆ ಎಂದುಕೊಳ್ಳಬೇಡಿ. ಆ ಏಜೆಂಟು ಪ್ರವಾಸದ ವಿಮೆ ಎಂಬ ಒಂದು ಮಾತನ್ನು ಬಾಯಿ ತಪ್ಪಿ ಆಡಿಬಿಟ್ಟಿದ್ದ. ಹೊರಡುವ ಮುಂಚೆ ಕಾಯಿಲೆ ಬಿದ್ದು ಪ್ರವಾಸ ರದ್ದಾದರೆ ಕಟ್ಟಿದ ದುಡ್ಡು ವಾಪಸ್! ಭಾವನ ಮುಖದಲ್ಲಿ ಕಳೆ ಬಂತು. ಅಲ್ಲಿಂದ ಆ ಏಜೆಂಟಿನ ಗ್ರಹಚಾರ ಕೆಟ್ಟಿತು. "ಹೋದ ಮೇಲೆ ಚೆನ್ನಾಗಿಲ್ಲ ಅನ್ಸಿದ್ರೆ?" "ಅದು ಬರಲ್ಲ ಸಾರ್." "ಸಮುದ್ರದಲ್ಲಿ ಅಲೆ ಕಮ್ಮಿ ಇದ್ರೆ?" "ಬರಲ್ಲ ಸಾರ್." "ಅಲ್ಲಿ ಎಳನೀರು ಸಪ್ಪೆ ಇದ್ರೆ?" ಏಜೆಂಟು ಒಳಗೆ ಹೋಗಿ ನೀರು ಕುಡಿದು ಬಂದ. ಪಾಲಿಸಿಯ ಕಾಗದವನ್ನು ಭಾವ ಭೂತಕನ್ನಡಿ ಹಿಡಿದು ಓದಿದರು, ನನ್ನ ಕೈಲಿ ಓದಿಸಿದರು, ಅನುಮಾನ ಬಂದ ಕಡೆ ಮತ್ತೆ ಓದಿಸಿದರು. ಪಾಸ್‌ಪೋರ್ಟಿನಲ್ಲಿ ತಮ್ಮ ಫೋಟೋ ಹೇಗಿದೆಯೆಂದು ಕೂಡ ಅವರು ಅಷ್ಟು ಹೊತ್ತು ನೋಡಿರಲಿಲ್ಲ.

ಅಕ್ಕ ಹೊಸ ಚಪ್ಪಲಿ ತಂದಳು, ಸ್ವೆಟರ್ ತಂದಳು. ಬಾಲಿಯಲ್ಲಿ ಸೆಕೆ ಎಂದು ನಾನು ಹೇಳಿದರೂ ಕೇಳಲಿಲ್ಲ. ಹೊರಡಲು ಇನ್ನೂ ಕೆಲವು ವಾರ ಇರುವಾಗಲೇ ಪೆಟ್ಟಿಗೆ ತುಂಬಿ ಮಂಚದ ಪಕ್ಕ ನಿಲ್ಲಿಸಿದ್ದಳು. ಅಷ್ಟರಲ್ಲಿ ಒಂದು ಬೆಳಿಗ್ಗೆ ನಮ್ಮ ಭಾವ ಸ್ನಾನ ಮಾಡಿ, ಯಾರಿಗೂ ಹೇಳದೆ, ಊರಮ್ಮನ ಗುಡಿಗೆ ಹೂ ಕೇಳಲು ಹೋದರು.

ನಮ್ಮ ಕಡೆ ಹೂ ಕೇಳದೆ ಬೋರ್‌ವೆಲ್ಲನ್ನೂ ಕೊರೆಸುವುದಿಲ್ಲ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಅಮ್ಮನವರ ಮುಂದೆ ನಿಂತರೆ, ಮುಡಿಸಿದ ಹೂವು ಬಲಗಡೆ ಜಾರಿದರೆ ಆಗಲಿ ಎಂದರ್ಥ, ಎಡಗಡೆ ಜಾರಿದರೆ ಬೇಡ ಎಂದರ್ಥ. ಭಾವ ತಿರುಗಿ ಬಂದು, ಮೆಟ್ಟಿಲ ಮೇಲೆ ನಿಂತೇ, "ಎಡಕ್ಕೆ ಬಿತ್ತು. ಹೋಗಂಗಿಲ್ಲ" ಎಂದರು. ಹೇಳಿದವರೇ ಏಜೆಂಟಿಗೆ ಫೋನು ಮಾಡಿ ಟಿಕೆಟ್ಟು, ಹೋಟೆಲು ಎಲ್ಲವನ್ನೂ ರದ್ದು ಮಾಡಿಸಿಬಿಟ್ಟರು. ವಿಷಯ ತಿಳಿದು ನಾನು ಫೋನಿನಲ್ಲೇ ಕೂಗಾಡಿದೆ. ಅಲ್ಲರೀ, ಮುಂಗಡ ಕಟ್ಟುವ ಮುಂಚೆ ಕೇಳಬೇಕಾದ ಹೂವನ್ನು ಪೆಟ್ಟಿಗೆ ಕಟ್ಟಿದ ಮೇಲೆ ಕೇಳುವವರು ಲೋಕದಲ್ಲಿ ಇನ್ನೊಬ್ಬರಿದ್ದಾರೆಯೇ? ಅಕ್ಕ ಮಾತ್ರ ಜಗಳವಾಡಲಿಲ್ಲ. "ಅಮ್ಮನೋರೇ ಬ್ಯಾಡ ಅಂದ್ಮೇಲೆ ಏನ್ ಮಾಡಕ್ಕಾಯ್ತದೆ, ಬುಡು" ಎಂದು ಪೆಟ್ಟಿಗೆಯ ಪಕ್ಕ ಕೂತುಬಿಟ್ಟಳು.

ಇದು ಸಾಲದೆಂಬಂತೆ, ಎರಡು ದಿನ ಬಿಟ್ಟು ಅವಳನ್ನು ತುಮಕೂರಿಗೆ ಹೊರಡಿಸಿದರು. ಯಾವುದೋ ಪಾಲಿಸಿಯ ಜೊತೆ ಆಸ್ಪತ್ರೆಯ ಫ್ರೀ ಚೆಕಪ್ ಕೂಪನ್ ಬಂದಿದೆಯಂತೆ, ಬಳಸದೆ ಬಿಟ್ಟರೆ ದಂಡವಂತೆ! ಹೆಂಡತಿಗೆ ಬಾಲಿ ತಪ್ಪಿಸಿ, ಬದಲಿಗೆ ರಕ್ತಪರೀಕ್ಷೆಯ ಪ್ರವಾಸ ಮಾಡಿಸುವ ಗಂಡಸಿಗೆ ಏನು ಹೇಳೋಣ? ನಾನು ಅವರ ಫೋನು ಎತ್ತುವುದನ್ನೇ ಬಿಟ್ಟೆ.

ಎತ್ತಬೇಕಾದ ಫೋನು ಆಸ್ಪತ್ರೆಯಿಂದ ಬಂತು. ಅಕ್ಕನ ಹೃದಯದ ರಕ್ತನಾಳ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಮನೆಗೆ ಕಳಿಸದೆ ಅಲ್ಲೇ ಸೇರಿಸಿಕೊಂಡು ಸ್ಟೆಂಟ್ ಹಾಕಿದರು. ಇನ್ನೊಂದಿಷ್ಟು ದಿನ ತಡವಾಗಿದ್ದರೆ, ವಿಮಾನದಲ್ಲೋ ಕಂಡರಿಯದ ಊರಿನಲ್ಲೋ ಏನಾದರೂ ಆಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಅಕ್ಕ ಎಷ್ಟು ಹೆದರಿದ್ದಳೆಂದರೆ, ನಮ್ಮ ಮನೆಯಲ್ಲಿ ಹಾವನ್ನು ಪೊರಕೆಯಲ್ಲಿ ಓಡಿಸಿದ್ದ ಹೆಂಗಸು ಆಸ್ಪತ್ರೆಯ ಮಂಚದ ಮೇಲೆ ಮಗ್ಗುಲು ತಿರುಗಲೂ ಹೆದರುತ್ತಿದ್ದಳು. ತಿರುಗಿದರೆ ಒಳಗೆ ಇಟ್ಟದ್ದು ಜಾರುತ್ತದೆ ಎಂದು ಅವಳ ಲೆಕ್ಕ. ನಿದ್ದೆ ಮಾಡಿದರೆ ಏಳುವುದಿಲ್ಲ ಎಂದು ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ಡಾಕ್ಟರು ಹೇಳಿದ ಧೈರ್ಯ ಕಿವಿಯ ತನಕವೂ ಹೋಗಲಿಲ್ಲ. ಆಗ ನೋಡಲು ಬಂದ ನೆರೆಮನೆಯಾಕೆಯೊಬ್ಬಳು, "ಅಲ್ಲ ಕಣಕ್ಕ, ಅಮ್ಮನೋರು ಮುಂಚೇನೇ ತಡುದವ್ಳೆ ನೋಡು. ಹೂವ ಎಡಕ್ಕೆ ಯಾಕೆ ಕೊಟ್ಲು? ನಿನ್ನ ಉಳಿಸ್ಕಳಕ್ಕೆ" ಎಂದಳು. ಅಕ್ಕನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಅಂದು ಅವಳು ನಿದ್ದೆ ಮಾಡಿದಳು. ಊರಿಗೆ ಬಂದ ಮೇಲೆ ಅಮ್ಮನವರಿಗೆ ಸೀರೆ ಉಡಿಸಿದಳು, ಪ್ರತಿ ಶುಕ್ರವಾರ ಗುಡಿಗೆ ನಡೆದುಕೊಂಡೇ ಹೋಗತೊಡಗಿದಳು. "ಅವಳೇ ಕೈ ಹಿಡಿದವ್ಳೆ, ಇನ್ನು ನಂಗೇನೂ ಆಗಲ್ಲ" ಎಂಬುದು ಬಾಯಿಪಾಠವಾಯಿತು. ಭಾವ ಜೊತೆಗೆ ಹೋಗುತ್ತಿದ್ದರು, ಆದರೆ ಒಳಗೆ ಬಾರದೆ ಹೊರಗೆ ಚಪ್ಪಲಿಗಳ ಹತ್ತಿರವೇ ನಿಲ್ಲುತ್ತಿದ್ದರು. ಕಳೆದುಹೋದ ಚಪ್ಪಲಿಗೆ ಕ್ಲೇಮು ಇಲ್ಲವಲ್ಲ, ಕಾಯುತ್ತಿದ್ದಾರೆ ಎಂದು ನಾನು ನಕ್ಕಿದ್ದೆ.

ಈಗ ಇನ್ಶೂರೆನ್ಸು. ಬಾಲಿ ತಪ್ಪಿದ್ದು ಕಾಯಿಲೆಯಿಂದ, ಆಸ್ಪತ್ರೆಯ ಕಾಗದ ಕೈಯಲ್ಲಿದೆ, ಇನ್ನೇನು ತೊಂದರೆ? ಭಾವ ಈ ಒಂದು ದಿನಕ್ಕಾಗಿ ಜೀವಮಾನವಿಡೀ ತಯಾರಾದವರು. ಆದರೆ ಯಾಕೋ ಈ ಸಲ ಅವರು ಪೆನ್ನು ತಗೋ ಎನ್ನಲೇ ಇಲ್ಲ. ಅಕ್ಕನೇ ನನ್ನ ಬೆನ್ನು ಬಿದ್ದಳು. "ಆ ದುಡ್ಡು ಬಂದ್ರೆ ಬಾಲಿ ಅಲ್ದಿದ್ರೆ ಇನ್ನೆಲ್ಲಿಗಾದ್ರೂ ಹೋಗ್ಬೋದು ಕಣೇ" ಎಂದಳು. ನಾನು ಅರ್ಜಿ ಹಾಕಿದೆ. ನಾನು ಊರಿಗೆ ಹೋಗಿದ್ದಾಗ ಕಂಪನಿಯ ಹುಡುಗಿ ಫೋನು ಮಾಡಿದಳು, ಸ್ಪೀಕರಿಗೆ ಹಾಕಿ ಭಾವನ ಮುಂದೆ ಹಿಡಿದೆ.

"ಸಾರ್, ನೀವು ಟೂರ್ ಕ್ಯಾನ್ಸಲ್ ಮಾಡಿದ್ದು ಆಸ್ಪತ್ರೆಗೆ ಹೋಗೋಕ್ಕಿಂತ ಮುಂಚೆ ಅಂತ ತೋರಿಸ್ತಾ ಇದೆ. ಕಾರಣ ಏನು ಸಾರ್?"

"ಹೂವು ಎಡಕ್ಕೆ ಬಿತ್ತು."

"ಯಾರು ಬಿದ್ದಿದ್ದು ಸಾರ್?"

"ಹೂವಮ್ಮ, ಹೂವು. ಕಣಗಲೆ ಹೂವು."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. ಪಾಪ, ಅವಳ ಕಂಪ್ಯೂಟರಿನಲ್ಲಿ ಜ್ವರ, ಅಪಘಾತ, ಮರಣ ಎಲ್ಲಕ್ಕೂ ಜಾಗವಿದ್ದಿರಬೇಕು, ಕಣಗಲೆಗೆ ಇರಲಿಲ್ಲ. ನಾನು ಫೋನು ಕಿತ್ತುಕೊಂಡು, ದೇವಿ ಮುನ್ಸೂಚನೆ ಕೊಟ್ಟಳು, ಆಮೇಲೆ ಕಾಯಿಲೆ ಪತ್ತೆಯಾಯಿತು ಎಂದು ವಿವರಿಸಿದೆ. ಅದು ಇನ್ನೂ ಅಧ್ವಾನವಾಯಿತು. ಕಾಯಿಲೆ ಮೊದಲೇ ಗೊತ್ತಿದ್ದರೆ ಪಾಲಿಸಿ ಮಾಡಿಸುವಾಗಲೇ ತಿಳಿಸಬೇಕಿತ್ತು ಎಂದಳು. ನಮಗೆ ಗೊತ್ತಿರಲಿಲ್ಲ, ದೇವಿಗೆ ಗೊತ್ತಿತ್ತು ಎಂದೆ. ದೇವಿಯವರು ಪಾಲಿಸಿಯಲ್ಲಿ ಸೇರಿದ್ದಾರಾ ಮೇಡಂ ಎಂದು ಕೇಳಿದಳು. ಅವಳು ನಿಜವಾಗಿ ಕೇಳಿದಳೋ ಗೇಲಿ ಮಾಡಿದಳೋ ನನಗೆ ಇಂದಿಗೂ ತಿಳಿದಿಲ್ಲ.

ಕೊನೆಗೆ ಅವಳಿಗಿಂತ ಮೇಲಿನ ಒಬ್ಬ ಅಧಿಕಾರಿ ಸಿಕ್ಕಿದರು, ಕನ್ನಡದವರು, ಸಜ್ಜನರು. "ಮೇಡಂ, ಹೂವಿನ ವಿಷಯ ಬಿಡಿ. ಪಾಲಿಸಿ ಮಾಡಿಸಿದ ಮೇಲೆ, ಕ್ಯಾನ್ಸಲ್ ಮಾಡೋಕೆ ಮುಂಚೆ, ನಿಮ್ಮ ಅಕ್ಕನಿಗೆ ಏನಾದ್ರೂ ತೊಂದರೆ ಕಾಣಿಸಿಕೊಂಡಿತ್ತಾ? ಅದನ್ನ ಅವರ ಯಜಮಾನರು ನೋಡಿದ್ರಾ? ನೋಡಿದ್ದೆ, ಅದಕ್ಕೇ ಕ್ಯಾನ್ಸಲ್ ಮಾಡಿದೆ ಅಂತ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ನಮ್ಮ ಕಡೆಯಿಂದ ಒಬ್ಬರು ಮನೆಗೆ ಬಂದು ಕೇಳಿಕೊಂಡು ಹೋಗ್ತಾರೆ. ಆಗ ಪಾಸಾಗುತ್ತೆ" ಎಂದರು. ಇದಕ್ಕಿಂತ ಸುಲಭ ಇನ್ನೇನಿದೆ? ಕೂಗಳತೆಯಲ್ಲಿ ದುಡ್ಡು ನಿಂತಿತ್ತು. ನಾನು ಕಾಗದವನ್ನು ಚೊಕ್ಕವಾಗಿ ಬರೆದು, ಭಾನುವಾರದ ಮೊದಲ ಬಸ್ಸಿಗೆ ಊರಿಗೆ ಹೋದೆ. ಅಕ್ಕ ಗುಡಿಗೆ ಹೋಗಿದ್ದಳು. ಭಾವ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ಪಕ್ಕ ಕೂತು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೇ ಎಂದು ನೋಡುತ್ತಿದ್ದರು.

ಕಾಗದ ಓದಿ ಹೇಳಿದೆ. ಅವರು ಕಾಯಿ ಕೆಳಗಿಡಲಿಲ್ಲ.

"ಸೈನ್ ಹಾಕಲ್ಲ ಕಣಮ್ಮ."

"ಯಾಕೆ ಭಾವ?"

"ಹೂವು ಎಡಕ್ಕೆ ಬಿತ್ತು, ಕ್ಯಾನ್ಸಲ್ ಮಾಡ್ದೆ. ಅಷ್ಟೇ ಬರಿ."

"ಅಷ್ಟೇ ಬರೆದ್ರೆ ದುಡ್ಡು ಬರಲ್ಲ."

"ಬರ್ದೆ ಇದ್ರೆ ಬುಡು."

ಬಿಡು! ಈ ಪದ ಆ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನ್ನ ತಾಳ್ಮೆ ಹರಿಯಿತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಸೊಳ್ಳೆಬತ್ತಿಗೆ ಬರೆಸಿದಿರಿ, ಬಸ್ಸಿನಲ್ಲಿ ನನ್ನ ಮಾನ ಕಳೆದಿರಿ, ಹೆಣ್ಣು ಕಳಿಸಿದ ಮನೆಯಲ್ಲಿ ಹೋಳಿಗೆ ತಟ್ಟಿಸಿದಿರಿ, ಅಲ್ಲೆಲ್ಲ ಇಲ್ಲದ ಮರ್ಯಾದೆ ಈಗ ಎಲ್ಲಿಂದ ಬಂತು? ಜೀವನದಲ್ಲಿ ನಮ್ಮಕ್ಕ ಕೇಳಿದ್ದು ಒಂದು, ಅದಕ್ಕೊಂದು ಸಹಿ ಹಾಕಲು ನಿಮ್ಮ ಕೈ ಸೋತುಹೋಯಿತಾ? ನಿಮಗೆ ಹೆಂಡತಿಗಿಂತ ನಿಮ್ಮ ಹಟವೇ ಹೆಚ್ಚು ಎಂದೆ. ಇನ್ನೂ ಏನೇನೋ ಅಂದೆ.

ಅವರು ಎಲ್ಲವನ್ನೂ ಕೇಳಿಸಿಕೊಂಡು, ಬೀದಿಯ ಕಡೆ ಒಮ್ಮೆ ನೋಡಿ, ಅಕ್ಕ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು.

"ಹೂವು ಬಲಕ್ಕೆ ಬಿದ್ದಿದ್ದು ಕಣಮ್ಮ" ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಅಮ್ಮನೋರು ಹೋಗಿ ಅಂತಾನೇ ಕೊಟ್ಲು. ನಾನೇ ಎಡಕ್ಕೆ ಬಿತ್ತು ಅಂತ ಸುಳ್ಳು ಹೇಳ್ದೆ. ಪೂಜಾರಪ್ಪನ ಕೈಕಾಲು ಹಿಡಿದು, ಬಾಯ್ ಬುಡಬ್ಯಾಡ ಅಂತ ಹೇಳಿಟ್ಟಿದೀನಿ."

"ಯಾಕೆ?"

"ಹಿಂದಿನ ದಿವ್ಸ ನಾನು ಇನ್ನೊಂದು ಡಬ್ಬ ಅಟ್ಟಕ್ಕೆ ಹಾಕ್ದೆ ಅಂತ ನಿಮ್ಮಕ್ಕ ಬೈತಾ ಇದ್ಲು. ಅವ್ಳು ಬೈಯೋದು ನಿಂಗೊತ್ತಲ್ಲ, ಹಿಡಿದ್ರೆ ಒಂದೇ ಉಸ್ರು. ಅವತ್ತು ಮಧ್ಯದಲ್ಲಿ ನಿಲ್ಸಿದ್ಲು. ಕಂಬ ಹಿಡ್ಕಂಡು ಉಸ್ರು ತಗಂಡ್ಲು. ತಿರ್ಗ ಶುರು ಮಾಡ್ತಾಳೆ ಅಂತ ಕಾದೆ. ಮಾಡ್ಲಿಲ್ಲ. ಹೋಗಿ ಮಲಿಕ್ಕಂಡ್ಲು. ಏನಾಯ್ತೇ ಅಂದ್ರೆ ಏನೂ ಇಲ್ಲ ಅಂದ್ಲು. ನಂಗೆ ಊಟ ಸೇರ್ಲಿಲ್ಲ ಕಣಮ್ಮ. ಆಸ್ಪತ್ರೆಗೆ ಹೋಗಣ ಅಂದ್ರೆ ಬತ್ತಿದ್ಲಾ? ಬಾಲಿ ತಪ್ಪೋಯ್ತದೆ ಅಂತ ಮುಚ್ಚಿಕ್ಕಂಡು ವಿಮಾನ ಹತ್ತೋಳು ಅವ್ಳು. ಅಮ್ಮನೋರಾದ್ರೂ ಬ್ಯಾಡ ಅಂತಾಳೇನೋ ಅಂತ ಹೋದೆ. ಅವ್ಳೂ ಹೋಗು ಅಂದ್ಲು. ನಾನೇನ್ ಮಾಡ್ಲಿ?"

"ಆ ಫ್ರೀ ಕೂಪನ್ನು?"

"ಅದು ಹೋದ ವರ್ಷಾನೇ ಮುಗ್ದೋಗಿತ್ತು. ದುಡ್ಡು ಕೊಟ್ಟೇ ತೋರಿಸ್ದೆ. ಅವ್ಳಿಗೆ ಹೇಳಬ್ಯಾಡ."

ಕಾಯಿಯೊಂದನ್ನು ತೆಗೆದುಕೊಂಡು ಸುಮ್ಮನೆ ಕೈಯಲ್ಲಿ ತಿರುಗಿಸುತ್ತಿದ್ದರು. "ಈಗ ಅವ್ಳು ಎದ್ದು ಓಡಾಡ್ತಿರೋದೇ ಅಮ್ಮನೋರು ಉಳಿಸಿದ್ಲು ಅನ್ನೋ ಧೈರ್ಯದ ಮೇಲೆ. ಈ ಕಾಗದಕ್ಕೆ ಅವ್ಳೂ ಸೈನ್ ಹಾಕ್ಬೇಕು. ಕಂಪನಿಯೋನು ಬಂದು ಕೇಳ್ತಾನೆ. ಹಂಗಾರೆ ಹೂವು ಏನಾಯ್ತು ಅಂತ ಅವ್ಳು ಹಿಡ್ಕಂತಾಳೆ. ಅಮ್ಮನೋರು ಸಾಯಕ್ಕೆ ಹೋಗು ಅಂದಿದ್ಲು ಅಂತ ಅವ್ಳಿಗೆ ಗೊತ್ತಾದ್ರೆ? ತಿರ್ಗ ಆ ಮಂಚದ ಮೇಲೆ ಕಣ್ ಬಿಟ್ಕಂಡು ಮಲಗ್ತಾಳೆ. ಅದನ್ನ ನಾನು ನೋಡಕ್ಕಾಗಲ್ಲ ಕಣಮ್ಮ. ದೇವ್ರ ಹೆಸ್ರಲ್ಲಿ ಸುಳ್ಳು ಹೇಳಿದೀನಿ, ಗುಡಿ ಒಳಿಕ್ಕೆ ಹೋಗಕ್ಕೆ ನಂಗೆ ಮುಖ ಇಲ್ಲ. ಇರ್ಲಿ. ದುಡ್ಡು ಬ್ಯಾಡ ಬುಡು."

ಬರೆದು ತಂದ ಕಾಗದವನ್ನು ಹರಿದು ಒಲೆಗೆ ಹಾಕಿ, ಕೈ ತೊಳೆದುಕೊಂಡು ಬಂದು, ನಾನೂ ಅವರ ಪಕ್ಕ ಕೂತು ಕಾಯಿ ಅಲ್ಲಾಡಿಸತೊಡಗಿದೆ. ಒಂದೂ ಸರಿಯಾಗಿ ಗೊತ್ತಾಗಲಿಲ್ಲ. ನಾನು ಒಣಗಿದೆ ಎಂದು ಈ ಕಡೆ ಇಟ್ಟದ್ದನ್ನೆಲ್ಲ ಅವರು ಸದ್ದಿಲ್ಲದೆ ಆ ಕಡೆಗೆ ಇಡುತ್ತಿದ್ದರು.

ತಿಂಗಳೊಪ್ಪತ್ತಿನಲ್ಲಿ ಕಂಪನಿಯ ಉತ್ತರ ಬಂತು. ಕಾರಣ ಸಾಲದು, ಕ್ಲೇಮು ತಿರಸ್ಕೃತ. ನಾನು ಊರಿಗೆ ಹೋಗಿ ಅಕ್ಕನಿಗೆ ಓದಿ ಹೇಳಿದೆ. ಭಾವ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದರು. ಅಕ್ಕ ಮೊರ ಕೆಳಗಿಟ್ಟು ಎದ್ದಳು.

"ಅಲ್ಲ ಕಣ್ರೀ, ಅಮ್ಮನೋರು ಹೋಗಬ್ಯಾಡ ಅಂದ್ಲು, ಸರಿ, ಇವತ್ತೇ ಈಗ್ಲೇ ಫೋನ್ ಮಾಡಿ ಕ್ಯಾನ್ಸಲ್ ಮಾಡು ಅಂತ ಅವ್ಳೇನಾದ್ರೂ ಹೇಳಿದ್ಲಾ, ಎರಡು ದಿವ್ಸ ತಡೆದಿದ್ರೆ ಆಸ್ಪತ್ರೆ ಚೀಟಿ ಕೈಗೆ ಬತ್ತಿತ್ತು, ದುಡ್ಡೂ ಬತ್ತಿತ್ತು, ಯಾವನೋ ಹೋಳಿಗೆ ಹಾಕ್ಲಿಲ್ಲ ಅಂತ ಊರೆಲ್ಲ ಮಾನ ಕಳೀತೀರಿ, ನಂದು ಅಂತ ಒಂದು ಬ್ಯಾಡ್ವಾ, ಆ ಹಾಳು ಡಬ್ಬಗಳನ್ನ ಕಾಯಕ್ಕೆ ಇರೋ ಬುದ್ಧಿ ಇದಕ್ಕೆ ಎಲ್ಲೋಗಿತ್ತು, ಆ ಸ್ವೆಟರ್ ಏನ್ ಮಾಡ್ಲಿ ನಾನು ಈಗ, ಕೊಟ್ಗೇಲಿರೋ ಕರುಗೆ ಹೊದಿಸ್ಲಾ, ನಿಮ್ಮನ್ನ ಕಟ್ಕಂಡು ಒಂದು ಸಮುದ್ರ ನೋಡ್ಲಿಲ್ಲ, ಒಂದು ಹೊರಗಿನ ಊಟ ಉಣ್ಲಿಲ್ಲ..."

ಅಂಗಳದಿಂದ ಶುರುವಾದದ್ದು ಅಡುಗೆಮನೆಗೆ ಹೋಯಿತು, ಅಲ್ಲಿ ಪಾತ್ರೆಗಳ ಸದ್ದಿನ ಜೊತೆ ಸೇರಿತು, ಹಿತ್ತಲಿಗೆ ದಾಟಿತು, ಅಲ್ಲಿಂದಲೂ ಸ್ಪಷ್ಟವಾಗಿ ಕೇಳುತ್ತಿತ್ತು. ಭಾವ ಕಾಫಿ ಕುಡಿಯುವುದನ್ನು ಮರೆತು, ತಲೆಯನ್ನು ಸ್ವಲ್ಪ ಆ ಕಡೆಗೆ ವಾಲಿಸಿ ಕೇಳುತ್ತಿದ್ದರು. ಅದು ಮುಗಿದು ಹಿತ್ತಲ ಬಾಗಿಲು ದಡಾರನೆ ಮುಚ್ಚಿಕೊಂಡ ಮೇಲೆ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು.

"ಕೇಳಿಸ್ಕಂಡ್ಯಾ ಟೀಚರಮ್ಮ? ಮಧ್ಯದಲ್ಲಿ ಎಲ್ಲೂ ನಿಲ್ಲಿಸ್ಲಿಲ್ಲ" ಎಂದರು.